ಬಾತಿಗೆ ಹೋದವನು ನಾನಲ್ಲ

ದೆವ್ವ, ಗಾಳಿ, ಮಾಟ ಎಂದು ಮಾತು ಎತ್ತಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಇಂಥ ಕಥೆ ಹೇಳುವವರೆಲ್ಲ ಒಂದೇ ಎರಕದವರು. ನೋಡಿದವನು ಯಾವಾಗಲೂ ಅವರ ಸೋದರಮಾವ, ಜಾಗ ಯಾವಾಗಲೂ ಹುಣಸೆಮರದ ಬುಡ. ಮಾವ ಅವತ್ತು ಎಷ್ಟು ಕುಡಿದಿದ್ದ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಕಸುಬಿನಲ್ಲಿ ಮೊದಲು ಕೇಳುವುದೇ ಅದನ್ನು. ಆದ್ದರಿಂದ ಈಗ ನಾನು ಹೇಳಹೊರಟಿರುವುದನ್ನು ಓದಿ ನೀವು ಮೂಗು ಮುರಿದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಮುರಿಯುತ್ತಿದ್ದೆ.

ನಾನು ದಾವಣಗೆರೆಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕ. ಹೆಸರು ದೊಡ್ಡದು. ಕೆಲಸವೆಂದರೆ ಕುಡುಕರ ಮಾತು ಕೇಳುವುದು, ಆಮೇಲೆ ಅವರ ಮನೆಯವರ ಮಾತು ಕೇಳುವುದು. ಎರಡನೆಯದು ಹೆಚ್ಚು ಕಷ್ಟ. ಮಿಕ್ಸಿ ರಿಪೇರಿಗೆ ಕೊಟ್ಟಂತೆ ಗಂಡನನ್ನೋ ಮಗನನ್ನೋ ತಂದು ಬಿಟ್ಟು, ‘ಯಾವಾಗ ರೆಡಿ ಆಗ್ತಾನ್ರಿ?’ ಎಂದು ಕೇಳಿ ಹೋಗುತ್ತಾರೆ. ಒಳಗಿರುವವನು ತಾಯಾಣೆ, ಮಕ್ಕಳಾಣೆ, ಊರ ದೇವರಾಣೆ ಎಲ್ಲ ಇಟ್ಟು ಹೊರಗೆ ಕಾಲಿಡುತ್ತಾನೆ. ಬಸ್‌ಸ್ಟ್ಯಾಂಡ್ ದಾಟುವುದರೊಳಗೆ ಅಷ್ಟೂ ಆಣೆಗಳನ್ನು ನುಂಗಿ ನೀರು ಕುಡಿದಿರುತ್ತಾನೆ. ನೀರನ್ನೇ ಕುಡಿದಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ.

ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ನನಗೆ ಎಲ್ಲರ ಮೇಲೂ ಅಸಹ್ಯ ಹುಟ್ಟಿತ್ತು. ಎದುರಿಗೆ ಕೂತು ಯಾರಾದರೂ ಅತ್ತರೆ ಅವರ ಹಿಂದಿನ ಗೋಡೆ ಗಡಿಯಾರ ನೋಡುತ್ತಿದ್ದೆ. ರಾತ್ರಿ ನಿದ್ದೆಯಿಲ್ಲ, ಹಗಲು ಸರಿಯಾದ ಎಚ್ಚರವೂ ಇಲ್ಲ. ಮನೆಯಲ್ಲಿ ಹೆಂಡತಿ ಬಾಯಿ ತೆರೆದರೆ ‘ವಿಷಯಕ್ಕೆ ಬಾ’ ಎನ್ನುತ್ತಿದ್ದೆ. ಅವಳಾದರೂ ಎಷ್ಟು ದಿನ ಬಂದಾಳು, ಮಾತಾಡುವುದನ್ನೇ ಬಿಟ್ಟಳು.

ಇದು ನನ್ನೊಬ್ಬನ ಪಾಡಾಗಿರಲಿಲ್ಲ. ಮೇಲಿನವರಿಗೂ ಅದು ಗೊತ್ತಾಗಿ ನಮಗೆಲ್ಲ ಒಂದು ತರಬೇತಿ ಇಟ್ಟರು. ಒತ್ತಡ ನಿಭಾಯಿಸುವುದು ಹೇಗೆ ಎಂದು ಹೇಳಿಕೊಡಲು ಇಸ್ತ್ರಿ ಅಂಗಿಯ ಒಬ್ಬ ತರುಣ ಬಂದ. ಅವನ ಮುಖ ನೋಡಿದರೆ ಒಬ್ಬ ಕುಡುಕನ ಬಾಯಿಯ ವಾಸನೆಯನ್ನೂ ಕಂಡವನಲ್ಲ. ಎಲ್ಲರಿಗೂ ಒಂದೊಂದು ರಬ್ಬರ್ ಚೆಂಡು ಕೊಟ್ಟು, ಸಿಟ್ಟು ಬಂದಾಗ ಹಿಸುಕಿ ಎಂದ. ಕಣ್ಣು ಮುಚ್ಚಿಸಿ ಸಮುದ್ರದ ಅಲೆ ನೆನೆಸಿಕೊಳ್ಳಿ ಎಂದ. ನಾವು ಬಯಲುಸೀಮೆಯವರು, ನನ್ನ ಕಣ್ಣಿಗೆ ಕುಂದವಾಡ ಕೆರೆ ಬಿಟ್ಟು ಬೇರೇನೂ ಬರಲಿಲ್ಲ. ಕೊನೆಗೆ, ವಾರಕ್ಕೊಂದು ದಿನ ಫೋನ್ ಆಫ್ ಮಾಡಿ, ನೀವಿಲ್ಲದಿದ್ದರೆ ಜಗತ್ತೇನೂ ನಿಲ್ಲುವುದಿಲ್ಲ ಎಂದ. ಆ ಒಂದು ಮಾತು ಮಾತ್ರ ನನಗೆ ಹಿಡಿಸಿತು.

ಮುಂದಿನ ಭಾನುವಾರವೇ ಫೋನ್ ಆಫ್ ಮಾಡಿ ವಿದ್ಯಾನಗರದ ಮನೆಯ ಬೀರುವಿನಲ್ಲಿಟ್ಟೆ. ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹರಿಹರಕ್ಕೆ ಹೊರಟೆ. ಹೊಳೆ ದಂಡೆಯಲ್ಲಿ ಕೂತು, ಈ ಕೆಲಸ ಬಿಡುತ್ತೇನೆ ಎಂದು ಅವಳಿಗೆ ಹೇಳುವುದಿತ್ತು. ದಾರಿಯಲ್ಲಿ ಬಾತಿ ಎಂಬ ಊರು ಬಂತು. ಅಲ್ಲಿ ನಮ್ಮ ಕೇಂದ್ರದಿಂದ ಹೋಗಿ ಕೆಲವು ವಾರವಾಗಿದ್ದ ಕರಿಬಸಪ್ಪನ ಮನೆ ಇತ್ತು. ಟ್ರ್ಯಾಕ್ಟರ್ ಟ್ರೇಲರಿಗೆ ವೆಲ್ಡಿಂಗ್ ಮಾಡುವವನು. ಕುಡಿತ ತಾಳದೆ ಅವನ ಹೆಂಡತಿಯು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಮನೆಯಲ್ಲಿ ತಾಯಿ ಗಂಗಮ್ಮ ಒಬ್ಬಳೇ. ಡಾಕ್ಟರು ಅವನಿಗೆ ಒಂದು ಮಾತ್ರೆ ಕೊಡುತ್ತಿದ್ದರು. ಅದನ್ನು ನುಂಗುವವನು ಹೆಂಡ ಮುಟ್ಟಿದರೆ ಜೀವಕ್ಕೇ ಕುತ್ತು.

ಅವನ ಮನೆಗೆ ಆಗಾಗ ಹೋಗಿ ನೋಡಿ ಬರುವುದು ನನ್ನ ಕೆಲಸ. ಎಲ್ಲ ಮನೆಗಳಲ್ಲೂ ನನ್ನದೊಂದು ಪದ್ಧತಿ ಇದೆ. ಹೋದ ಕೂಡಲೇ, ಮನೆಯವರಿಗಲ್ಲ, ಕುಡಿತ ಬಿಟ್ಟವನಿಗೇ ನೀರು ತರಲು ಹೇಳುತ್ತೇನೆ. ಲೋಟ ಕಂಠಮಟ್ಟ ತುಂಬಿರಬೇಕು. ತರುವಾಗ ತುಳುಕಿದರೆ ಮುಂದಿನ ಸುಳ್ಳುಗಳನ್ನು ಕೇಳುವ ಅಗತ್ಯವೇ ಇರುವುದಿಲ್ಲ. ನಮ್ಮ ಕೈಯಲ್ಲಿ ಹಾದು ಹೋದವರಿಗೆಲ್ಲ ಈ ನೀರಿನ ಪರೀಕ್ಷೆ ಗೊತ್ತು, ಅದಕ್ಕಾಗಿ ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ ಎಂಬುದೂ ನನಗೆ ಗೊತ್ತು. ಆ ಭಾನುವಾರ ನಾನು ಬಾತಿಯಲ್ಲಿ ಸ್ಕೂಟರ್ ನಿಧಾನ ಕೂಡ ಮಾಡಲಿಲ್ಲ.

ಹರಿಹರದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತೆವು. ಹೇಳಬೇಕಾದದ್ದನ್ನು ಹೇಳಲು ಗಂಟಲು ಸರಿಮಾಡಿಕೊಂಡದ್ದು ನೆನಪಿದೆ. ಆಮೇಲೆ ನೆನಪಿಲ್ಲ. ಬಿಸಿಲು ಇನ್ನೂ ಇರುವಾಗಲೇ ಗೋಡೆಗೆ ಒರಗಿ ನಿದ್ದೆ ಹೋದೆನಂತೆ. ಎದ್ದಾಗ ಆಚೆ ದಡದಲ್ಲಿ ದೀಪ ಹತ್ತಿದ್ದವು. ನಡುವೆ ಹೆಂಡತಿ ಅಲುಗಿಸಿ ನೋಡಿದಳಂತೆ.

‘ಹೆಣದಂಗ ಬಿದ್ದಿದ್ರಿ. ನನಗ ಹೆದರಿಕೆ ಆತು’ ಎಂದಳು.

ನನಗಂತೂ ಬಾಯಿ ವಿಪರೀತ ಒಣಗಿತ್ತು. ಮಿರ್ಚಿ ಮಂಡಕ್ಕಿ ತಿಂದು, ಹೇಳಬೇಕಾದದ್ದನ್ನು ಹೇಳದೆಯೇ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ನಾನು ಕೇಂದ್ರದ ಬಾಗಿಲು ದಾಟುವುದರೊಳಗೆ ಗಂಗಮ್ಮ ಬಂದು ನನ್ನ ಕಾಲು ಹಿಡಿದಳು. ಸೆರಗಿನಲ್ಲಿ ಮಂಡಕ್ಕಿ ಉಂಡೆ ಕಟ್ಟಿಕೊಂಡು ಬಂದಿದ್ದಳು.

‘ನಿನ್ನೆ ನೀವು ಬರದಿದ್ರೆ ನನ್ನ ಮಗ ಹೋಗಿಬಿಡ್ತಿದ್ದನ್ರಿ’ ಎಂದಳು.

ಅವಳು ಹೇಳಿದ್ದು ಇಷ್ಟು. ಮಧ್ಯಾಹ್ನ ಸೊಸೆಯ ಅಣ್ಣ ಫೋನ್ ಮಾಡಿ, ತಂಗಿ ಇನ್ನು ಆ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದನಂತೆ. ಕರಿಬಸಪ್ಪ ಎದ್ದು ಹೋಗಿ ಒಂದು ಬಾಟಲಿ ತಂದು ಹಿಂದಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡ. ಬೆಳಿಗ್ಗೆ ಮಾತ್ರೆ ನುಂಗಿದ್ದನ್ನು ತಾಯಿ ಕಣ್ಣಾರೆ ಕಂಡಿದ್ದಳು. ಬಾಗಿಲು ಬಡಿದು ಬಡಿದು ಸಾಕಾಗಿ ನನಗೆ ಫೋನ್ ಮಾಡಿದರೆ ಅದು ಆಫ್. ದೀಪ ಹಚ್ಚುವ ಹೊತ್ತಿಗೆ ನಾನು ನಡೆದುಕೊಂಡು ಬಂದೆನಂತೆ. ನನ್ನ ದನಿ ಕೇಳಿ ಅವನು ಚಿಲಕ ತೆಗೆದನಂತೆ. ನಾನು ಯಾವತ್ತಿನಂತೆ ನೀರು ಕೇಳಲಿಲ್ಲವಂತೆ. ಅಡುಗೆಮನೆಗೆ ಹೋಗಿ ಲೋಟ ತುಂಬಿಸಿ, ಒಂದು ಹನಿ ಚೆಲ್ಲದೆ ನಾನೇ ತಂದು ಅವನ ಕೈಗೆ ಕೊಟ್ಟೆ. ‘ನಿಧಾನಕ್ಕ ಕುಡಿ, ನಾನು ಇಲ್ಲೇ ಕೂಡ್ತೀನಿ’ ಎಂದೆ. ಅವನು ಅತ್ತಷ್ಟು ಹೊತ್ತೂ ಕೂತೆ. ಇನ್ನೂ ಮುಚ್ಚಳ ತೆಗೆಯದಿದ್ದ ಬಾಟಲಿಯನ್ನು ಆಮೇಲೆ ಅವನೇ ಬಚ್ಚಲಿಗೆ ಸುರಿದನಂತೆ.

ಮುದುಕಿಗೆ ಅರಳುಮರಳು ಎಂದುಕೊಂಡೆ. ಇಲ್ಲವೇ ನಮ್ಮಲ್ಲೇ ಯಾರೋ ಒಬ್ಬ ಹೋಗಿರಬೇಕು, ಮಬ್ಬುಗತ್ತಲಲ್ಲಿ ನಾನೆಂದು ತಿಳಿದಿರಬೇಕು. ಹುಳುಕು ಹಿಡಿದೇ ತೀರುತ್ತೇನೆಂದು ಮಧ್ಯಾಹ್ನ ಬಾತಿಗೆ ಹೋದೆ. ಕರಿಬಸಪ್ಪನ ಮನೆಯೆದುರು ಸೈಕಲ್ ಅಂಗಡಿ ಇಟ್ಟಿರುವ ಮೆಹಬೂಬ್ ಸಾಬರು ನನ್ನನ್ನು ನಾಲ್ಕಾರು ಸಲ ನೋಡಿದವರು. ಅವರೇ ಮಾತು ತೆಗೆದರು.

‘ನಿನ್ನೆ ಗಾಡಿ ಎಲ್ಲಿ ಸರ್ ಅಂತ ಕೇಳಿದೆ. ನೀವು ನಕ್ಕೊಂತ ಹೋದ್ರಿ.’

ನಾನು ನಕ್ಕೆ ಎನ್ನುವುದು ಅಲ್ಲಿಯವರೆಗೆ ಕೇಳಿದ್ದರಲ್ಲೆಲ್ಲ ನಂಬಲು ಕಷ್ಟವಾದ ಮಾತಾಗಿತ್ತು.

ಒಳಗೆ ಕರಿಬಸಪ್ಪ ಕೂತಿದ್ದ. ಬಂದವನು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಶುರು ಮಾಡಿದ. ಬಾಟಲಿ ನೆನಪಾದಾಗಲೆಲ್ಲ ನಾನು ಪಕ್ಕದಲ್ಲಿ ಕೂತದ್ದೂ ನೆನಪಿಗೆ ಬರುತ್ತದಂತೆ, ಬೆಳಗಿನಿಂದ ಹಾಗೇ ಹೊತ್ತು ಹೋಯಿತಂತೆ.

‘ನೀವು ಇಂಥೋರು ಅಂತ ಗೊತ್ತಿರ್ಲಿಲ್ಲ ಸರ್’ ಎಂದ.

ತೆರೆದ ಬಾಯಿ ಮುಚ್ಚಿದೆ. ಅವನು ನಿಂತಿದ್ದೇ ಆ ಒಂದು ಸಂಜೆಯ ಮೇಲೆ. ಅದನ್ನು ಎಳೆದರೆ ಅವನು ಬೀಳುತ್ತಾನೆ, ಈ ಸಲ ಬಿದ್ದರೆ ಏಳುವುದಿಲ್ಲ. ಅಂದಿನಿಂದ ಇವತ್ತಿನವರೆಗೆ, ಈ ಮೂರ್ನಾಲ್ಕು ವರ್ಷ, ಯಾರೋ ಮಾಡಿದ ಕೆಲಸಕ್ಕೆ ನಾನು ಕೈಮುಗಿಸಿಕೊಳ್ಳುತ್ತಿದ್ದೇನೆ. ಕೆಲಸ ಬಿಡುವ ಮಾತೂ ಹಾಗೆಯೇ ಗಂಟಲಲ್ಲಿ ಉಳಿದಿದೆ.

ವಿವರಣೆ ಕೊಡುವವರಿಗೇನು ಬರವಿಲ್ಲ. ನಮ್ಮ ಡಾಕ್ಟರು, ಕುಡಿತ ಬಿಟ್ಟವರಿಗೆ ಇಲ್ಲದ್ದೆಲ್ಲ ಕಾಣುತ್ತದೆ ಎಂದರು. ಗಂಗಮ್ಮ ಯಾವಾಗ ಬಿಟ್ಟಳು, ಮೆಹಬೂಬ್ ಸಾಬರು ಯಾವಾಗ ಬಿಟ್ಟರು ಎಂದು ಕೇಳಿದರೆ ಕನ್ನಡಕ ಒರೆಸಿಕೊಂಡರು. ಒಬ್ಬ ಸಹೋದ್ಯೋಗಿ, ಒತ್ತಡ ಹೆಚ್ಚಾದರೆ ಮರೆವು ಬರುತ್ತದೆ, ನೀವೇ ಹೋಗಿ ಮರೆತಿರಬೇಕು ಎಂದ. ಅದನ್ನು ಹೆಂಡತಿಗೆ ಹೇಳಿದೆ.

‘ಹಂಗಾದ್ರ ಹೊಳಿ ದಂಡ್ಯಾಗ ನನ್ನ ಪಕ್ಕ ಮಲಗಿದ್ದೋರು ಯಾರ್ರಿ?’ ಎಂದಳು.

ನಿದ್ದೆಯಲ್ಲಿ ಜೀವ ಎದ್ದು ತಿರುಗಾಡಿ ಬರುತ್ತದೆ ಎನ್ನುವವರೂ ಇದ್ದಾರೆ. ಇಂಥ ಮಾತಿನ ಮೇಲೆ ನನ್ನ ತಾತ್ಸಾರ ಎಳ್ಳಷ್ಟೂ ಕಡಿಮೆಯಾಗಿಲ್ಲ. ನನ್ನ ಜೀವ ಎದ್ದು ಹೋಗುವುದೇ ನಿಜವಾದರೆ ಎಲ್ಲಾದರೂ ತಂಪಾದ ಜಾಗಕ್ಕೆ ಹೋದೀತು, ಭಾನುವಾರದ ದಿನ ಕುಡುಕನ ಮನೆಗೆ ಯಾಕೆ ಹೋಗುತ್ತದೆ?

ಮೊನ್ನೆ ಮತ್ತೆ ಬಾತಿಗೆ ಹೋಗಿದ್ದೆ. ಕರಿಬಸಪ್ಪ ಇನ್ನೂ ಕುಡಿದಿಲ್ಲ. ಹೆಂಡತಿ ಬಂದಿಲ್ಲ, ಆದರೆ ಮಕ್ಕಳು ರಜೆಗೆ ಬಂದು ಹೋಗುತ್ತಾರೆ. ಅಭ್ಯಾಸಬಲದಿಂದ ನೀರು ಕೇಳಿದೆ. ಅವನು ಕಂಠಮಟ್ಟ ತುಂಬಿದ ಲೋಟ ಹಿಡಿದು, ನನ್ನ ಮುಖವನ್ನೇ ನೋಡುತ್ತ ನಡೆದು ಬಂದ. ನೀರು ಅಲುಗಲಿಲ್ಲ. ನಾನು ಕೈಗೆ ತೆಗೆದುಕೊಂಡೆ, ಅರ್ಧ ನೀರು ನನ್ನ ಪ್ಯಾಂಟಿನ ಮೇಲೆ ಬಿತ್ತು. ನಾನು ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಎರಡೂ ಕೈಯಲ್ಲಿ ಹಿಡಿದರೂ ಲೋಟ ಹಲ್ಲಿಗೆ ಬಡಿಯುತ್ತಿತ್ತು.

‘ಆವತ್ತು ಒಂದು ಹನಿ ಚೆಲ್ಲಿರ್ಲಿಲ್ಲಲ್ರಿ’ ಎಂದಳು ಗಂಗಮ್ಮ.

ಕರಿಬಸಪ್ಪ ನನ್ನ ಕೈಯನ್ನು ನೋಡಿದ, ನಾನು ಇಷ್ಟು ವರ್ಷ ಅವರೆಲ್ಲರ ಕೈಗಳನ್ನು ನೋಡಿದ ಹಾಗೆಯೇ. ಆಮೇಲೆ ಪಕ್ಕದಲ್ಲಿ ಬಂದು ಕೂತ.

‘ನಿಧಾನಕ್ಕ ಕುಡೀರಿ ಸರ್. ನಾನು ಇಲ್ಲೇ ಕೂಡ್ತೀನಿ.’

ಕುಡಿದೆ. ಆ ಭಾನುವಾರ ಬಾತಿಗೆ ಹೋದವನು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗುವ ಲಕ್ಷಣವೂ ಇಲ್ಲ. ಯಾರೇ ಆಗಿರಲಿ, ಅವನು ಒಮ್ಮೆ ವಿದ್ಯಾನಗರದ ಕಡೆಗೂ ಬರಲಿ. ಮನೆ ಗುರುತು ಅವನಿಗೆ ಗೊತ್ತೇ ಇರಬೇಕು.