ಮಣಿಕಟ್ಟಿನ ಮೇಲೆ ಮೂರು ಬೆರಳು

ಬಾಗಲೂರಿನ ಗುಲಾಬಿ ಹೂ ಪರದೇಶದ ವಿಮಾನ ಹತ್ತತೊಡಗಿದ್ದ ಕಾಲ. ಹೂವಿಡುವ ಕೋಲ್ಡ್ ರೂಮಿನಲ್ಲಿ ನಾನೂ ಮುನಿರಾಜನೂ ಆರು ವರ್ಷ ದುಡಿದಿದ್ದೆವು. ಅಲ್ಲಿಗೆ ಹೊಸ ಮಿಷನ್ ಕೂರಿಸಲು ಚೀನಾದವನೊಬ್ಬ ಬಂದ.

ಟೀ ಹೊತ್ತಿನಲ್ಲಿ ಅವನು ಕೇಳದೆಯೇ ನಾಡಿ ನೋಡುವವನಂತೆ ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದ.

"ಗಾಳಿ ಲಿವರ್‌ಗೆ, ಬಿಸಿಲು ಹಾರ್ಟ್‌ಗೆ, ಥಂಡಿ ಕಿಡ್ನಿಗೆ," ಎಂದ, ಹರಕು ಇಂಗ್ಲಿಷಿನಲ್ಲಿ. "ನಿನ್ನ ಕಿಡ್ನಿಗೆ ಥಂಡಿ ಹೊಕ್ಕಿದೆ. ಭಯವೂ ಅಲ್ಲೇ ಕೂತಿದೆ."

ನಾನು ಕೈ ಹಿಂದಕ್ಕೆಳೆದುಕೊಂಡೆ. ಕಿಡ್ನಿ ಕೆಟ್ಟಿದ್ದು ತಿಳಿದರೆ ಕೆಲಸ ಹೋದೀತೆಂದು ಕಂಪನಿಯ ಮೆಡಿಕಲ್ ಚೆಕಪ್ಪಿನಲ್ಲಿ ನನ್ನ ಮೂತ್ರದ ಬದಲು ಮುನಿರಾಜ ತಂದುಕೊಟ್ಟ ಸೀಸೆ ಇಟ್ಟಿದ್ದೆ. ಅದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಅವನು ಮುನಿರಾಜನ ಕೈ ಹಿಡಿದ. ತುಂಬ ಹೊತ್ತು ಬಿಡಲೇ ಇಲ್ಲ.

"ಇವನದೂ ಕಿಡ್ನಿಯೇ. ನಿನ್ನದಕ್ಕಿಂತ ಹಳೇ ಕಾಯಿಲೆ."

"ಬುಡ್ಲಾ, ಇವ್ನಿಗೇನ್ ಗೊತ್ತು," ಎಂದೆ ಮುನಿರಾಜನಿಗೆ. "ನಿನ್ ರಿಪೋರ್ಟ್ ಚೆನ್ನಾಗೈತಲ್ಲ. ನಾನ್ ಪಾಸಾಗಿದ್ದೂ ನಿನ್ ಸೀಸೆಯಿಂದ್ಲೇ."

ಮುನಿರಾಜ ಟೀ ಲೋಟ ಕೆಳಗಿಟ್ಟ.

"ಅದು ನಂದಲ್ಲ ಕಣ್ಲಾ. ಎಲ್ಡೂ ಸೀಸೆ ನನ್ ಹೆಂಡ್ತೀದು."

ಕಂಪನಿಯ ಫೈಲಿನಲ್ಲಿ ನಾವಿಬ್ಬರೂ ಇವತ್ತಿಗೂ ಗಟ್ಟಿಮುಟ್ಟು. ಆ ಆರೋಗ್ಯವಂತೆ ಮಾತ್ರ ಒಂದು ದಿನವೂ ಆ ಥಂಡಿ ಕೋಣೆಯ ಬಾಗಿಲು ತೆಗೆದವಳಲ್ಲ.