ತಪ್ಪೇ ಇಲ್ಲದವಳು

ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ದರ್ಜಿ ಅಕ್ಕನನ್ನು ಮೀರಿಸುವವರಿಲ್ಲ. ಎರಡು ತುಂಡು ವಾಕ್ಯ ಕೊಟ್ಟರೆ ಅಂಗಿಗೆ ತೋಳು ಕೂಡಿಸಿದಂತೆ, ಹೊಲಿಗೆ ಕಾಣದ ಹಾಗೆ ಜೋಡಿಸಿಬಿಡುತ್ತಾಳೆ. ಮೇಡಂ ಒಂದು ರೈಟ್ ಮಾರ್ಕು ಎಳೆದು ಮುಂದೆ ನಡೆಯುತ್ತಾರೆ. ಪಕ್ಕದ ಬೆಂಚಿನ ಬೇಕರಿಯವಳದೋ ಸಾಲಿಗೊಂದು ತಪ್ಪು. ಮೇಡಂ ಅವಳ ಪಕ್ಕದಲ್ಲೇ ಕೂತು, ತಲೆಗೆ ತಲೆ ತಾಗಿಸಿ, ನಗುನಗುತ್ತ ತಿದ್ದುತ್ತಾರೆ. ಅಕ್ಕ ಓರೆಗಣ್ಣಿನಲ್ಲಿ ನೋಡುತ್ತಾಳೆ. "ತಪ್ಪು ಮಾಡೋರಿಗೇ ಮರ್ಯಾದೆ ಈ ಕಾಲದಲ್ಲಿ" ಎಂದು ಗೊಣಗುತ್ತಾಳೆ. "ಉಪ್ಪು ಜಾಸ್ತಿಯಾಯ್ತು, ಬಾಗಿಲು ಸರಿಯಾಗಿ ಹಾಕಿಲ್ಲ" ಎಂದು ದಿನವಿಡೀ ತಪ್ಪು ಹುಡುಕುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವಳನ್ನು ತಿದ್ದುವವರು ಮನೆಯಲ್ಲಿ ಯಾರೂ ಇಲ್ಲ. ನಿನ್ನೆ ಅಕ್ಕ ಚೆನ್ನಾಗಿ ಜೋಡಿಸಿದ್ದ ವಾಕ್ಯವೊಂದನ್ನು ಅಳಿಸಿ, ಬೇಕೆಂದೇ ತಪ್ಪಾಗಿ ಬರೆದು, ಬೆಂಚಿನ ತುದಿಗೆ ಸರಿದು ಮೇಡಮ್ಮಿಗೆ ಜಾಗ ಬಿಟ್ಟು ಕೂತಳು.