ಬೂದಿಯಲ್ಲಿ ತಣಿದ ಬುಷ್‌ಗಳು

ಅಫಜಲಪುರದಲ್ಲಿ ನಮ್ಮದೊಂದು ಚಿಕ್ಕ ಎರಕದ ಶೆಡ್ಡು. ಮಾವನವರು ಎತ್ತಿನ ಗಂಟೆ ಎರೆದು, ಅಚ್ಚನ್ನು ಒಂದು ದಿನ ಬಿಸಿ ಬೂದಿಯಲ್ಲಿ ಹೂತಿಡುತ್ತಿದ್ದರು. ಅವಸರದಲ್ಲಿ ತಣಿದ ಗಂಟೆ ಒಡೆಯುತ್ತದೆ ಎನ್ನುತ್ತಿದ್ದರು. ನನ್ನ ಗಂಡನ ಕಾಲಕ್ಕೆ ಗಂಟೆ ಹೋಗಿ, ಬಾವಿ ತೋಡುವ ಕ್ರೇನಿನ ಬುಷ್ ಬಂತು. ಅದು ಗಾಲಿಯ ನಡುವೆ ಕೂರುವ ಕಂಚಿನ ಕೊಳವೆ. ಸಲೀಸಾಗಿ ತಿರುಗಲೆಂದು ಸೀಸ ಬೆರೆಸುತ್ತಾರೆ. ಬೂದಿ ಮಾತ್ರ ಹಾಗೇ ಉಳಿಯಿತು.

ಕೊಳಕೂರಿನ ಬಾವಿಯ ಕ್ರೇನಿಗೆಂದು ಎರೆದ ಬುಷ್‌ಗೆ ಅರ ಹಾಕಿ ಉಜ್ಜಿದವಳು ನಾನು. ಎರೆಯುವಾಗ ಮೇಲಿದ್ದ ತುದಿಯಲ್ಲಿ ಅರ ಜಾರಿತು. ಕೆಳತುದಿಯಲ್ಲಿ ಕಚ್ಚಿ, ಬೂದುಬಣ್ಣದ ಪುಡಿ ಉದುರಿತು.

"ಇಲ್ನೋಡ್ರಿ, ಒಂದ್ ಕಡಿ ಮೆತ್ತಗಾಗ್ಯಾದ," ಎಂದು ಗಂಡನಿಗೆ ತೋರಿಸಿದೆ.

"ನೀ ರೊಟ್ಟಿ ಬಡಿ ಬೇ. ಕಂಚಿನ ಉಸಾಬರಿ ನಿನಗ್ಯಾಕ?"

"ರೊಟ್ಟಿ ಒಂದ್ ಕಡಿ ಹಸಿ, ಒಂದ್ ಕಡಿ ಕರಕ್ ಆದ್ರ ತಾಟ ದೂಡ್ತೀರಲ್ಲ?"

ಅವರು ನಕ್ಕರು. "ಅಪ್ಪನ ಕಾಲದಿಂದ ಹಿಂಗೇ ತಣಿಸಾಕತ್ತೇವಿ. ಲಗೂನ ನಯ ಮಾಡು, ಬಸ್ ಬರ್ತದ."

ನಯ ಮಾಡಿಕೊಟ್ಟೆ. ಸಾಮಾನು ಮಾಡಿದವನೇ ಮೊದಲು ಬುಟ್ಟಿಯಲ್ಲಿ ಇಳಿಯಬೇಕೆನ್ನುವುದು ಬಾವಿಯವರ ರೂಢಿ. ಅದು ನನಗೆ ಗೊತ್ತಿತ್ತು.

ಕೊಳಕೂರಿನಲ್ಲಿ ಅವರು ಹಾಗೇ ಇಳಿದರಂತೆ. ಮಧ್ಯಾಹ್ನದ ತನಕ ತಳದಿಂದ ಕಲ್ಲು ತುಂಬಿ ಕಳಿಸಿದರಂತೆ. ಕೊನೆಗೆ ತಾವು ಹತ್ತುವಾಗ ಮೆತ್ತನೆಯ ತುದಿ ಚಪ್ಪಟೆಯಾಗಿ ಗಾಲಿ ವಾಲಿತು. ಹಗ್ಗ ಗಾಲಿಯಿಂದ ಹಾರಿ, ಕಬ್ಬಿಣದ ಅಂಚಿಗೆ ಸಿಕ್ಕಿ ಕಡಿದುಹೋಯಿತು.

ಅವರ ದಿನಕರ್ಮ ಮುಗಿದ ಮೇಲೆ ಆ ಬುಷ್ಷನ್ನು ಒಬ್ಬ ಐಟಿಐ ಮಾಸ್ತರರಿಗೆ ತೋರಿಸಿದೆ. ಅವರು ಉದ್ದಕ್ಕೆ ಕೊಯ್ದರು. ಮೇಲೆ ಹೊಂಬಣ್ಣ, ಕೆಳಗೆ ಮೋಡದಂತೆ ಕಪ್ಪು.

"ಕಂಚು ಗಟ್ಟಿ ಆಗೋವಾಗ ಸೀಸ ಬ್ಯಾರೆ ಆಗ್ತದ್ರಿ. ಭಾರ ಅದ, ಭೂಮಿ ಕೆಳಗ ಎಳೀತದ. ಲಗೂನ ತಣಿಸಿದ್ರ ಇದ್ದಲ್ಲೇ ಸಿಕ್ಕೊಂಡು ಎಲ್ಲಾ ಕಡಿ ಒಂದೇ ಸಮ ಇರ್ತಿತ್ತು. ಬೂದ್ಯಾಗ ಇಟ್ಟು ಇಳೀಲಿಕ್ಕ ಟೈಮ್ ಕೊಟ್ಟೀರಿ." ಕೊಯ್ದ ತುಂಡನ್ನು ಕೆಳಗಿಟ್ಟು ಕೇಳಿದರು: "ಹಿಂತಾವು ಇನ್ನ ಎಷ್ಟ್ ಹೋಗ್ಯಾವ್ರಿ?"

ನಾಲ್ಕು ಹೋಗಿದ್ದವು. ಜೇವರ್ಗಿಯ ಎರಡನ್ನು ಬಿಚ್ಚಿಸಿ ತಂದೆ. ಆಳಂದದ ಒಂದು ಕ್ರೇನಿನ ಜೊತೆಗೇ ಮಾರಾಟವಾಗಿ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ನಾಲ್ಕನೆಯದಕ್ಕಾಗಿ ಮಟಕಿ ಊರಿನ ಬಾವಿಗೆ ಹೋದೆ.

"ಚಲೋ ತಿರಗಾಕತ್ತದ ಬಿಡ್ರಿ ಅಕ್ಕಾ," ಎಂದ ಕ್ರೇನಿನವನು. "ನಿಮ್ಮವರ ಕೈ ಕೆಲಸ. ಯಾಕ ಬಿಚ್ಚೋದು?"

ಗಾಲಿಯನ್ನೇ ನೋಡುತ್ತ ನಿಂತೆ. ಕೂದಲೆಳೆಯಷ್ಟು ವಾಲಿತ್ತು. ಹಗ್ಗ ಬಿಗಿಯಾಗಿತ್ತು.

"ಕೆಳಗ ಯಾರರ ಅದಾರೇನು?" ಎಂದೆ.

"ಮೂವರು ಅದಾರ್ರಿ, ಈಗ ಮ್ಯಾಲ ತರ್ತೀನಿ," ಎಂದು ಅವನು ಕ್ರೇನಿನ ಹಿಡಿಕೆ ಎಳೆದ.